ಹಳೇ ಇಟ್ಟಿಗೆ ಮನೆಗೆ ಸಿಮೆಂಟ್ ಯಾಕೆ ಬೇಡ ಅಂತೀನಿ

ನನ್ನನ್ನ ಜನ ಮತ್ತೆ ಮತ್ತೆ ಕೇಳೋದು ಒಂದೇ: "ಹಳೇ ಇಟ್ಟಿಗೆ ಮನೆ, ಗೋಡೆ ಉದುರ್ತಿದೆ, ಗಟ್ಟಿಯಾಗಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಟ್ರೆ ಆಗಲ್ವಾ?" ಆಗಲ್ಲ. ದಯವಿಟ್ಟು ಮಾಡಿಸ್ಬೇಡಿ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದ್ರೆ ಈಗ ನಾವು ಸಿಮೆಂಟ್ ಅನ್ನೋದಕ್ಕೆ, ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ, ಜೋಸೆಫ್ ಆಸ್ಪ್‌ಡಿನ್ ಅನ್ನೋರಿಗೆ, ಎಲ್ಲಾ ಕಡೆ ಬಳಕೆಗೆ ಬರೋಕೆ ಆಮೇಲೂ ಎಷ್ಟೋ ವರ್ಷ ಹಿಡೀತು. ಅಲ್ಲೀವರೆಗೂ ಇಟ್ಟಿಗೆ ಮನೆ ಕಟ್ತಿದ್ದದ್ದು ಹೆಚ್ಚಾಗಿ ಸುಣ್ಣದ ಗಾರೆಯಲ್ಲೋ ಮಣ್ಣಲ್ಲೋ. ಆಗಿನ ಇಟ್ಟಿಗೆ ಸಾಮಾನ್ಯವಾಗಿ ಮೆದು, ನೀರು ಹೀರುತ್ತೆ, ಆ ನೀರು ಗಾರೆಯ ಸಂದಿಯಿಂದ ಆರಿ ಹೋಗ್ತಾ ತನ್ನಲ್ಲಿ ಕರಗಿದ್ದ ಉಪ್ಪನ್ನೂ ಅಲ್ಲೇ ಬಿಟ್ಟು ಹೋಗುತ್ತೆ, ಹಂಗಾಗಿ ಸವೆಯೋದು ಗಾರೆ, ಉಳಿಯೋದು ಇಟ್ಟಿಗೆ. ಸಂದಿಗೆ ಸಿಮೆಂಟ್ ತುಂಬಿದ್ರೆ, ಇಲ್ಲಾ ಗೋಡೆ ಮೇಲೇ ಬಳಿದ್ರೆ, ಆ ದಾರಿ ಬಂದ್. ಉಪ್ಪು ಇಟ್ಟಿಗೆ ಒಳಗೇ ಹರಳುಗಟ್ಟಿ ಮುಖಾನ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತೆ. ಮೊಹೆಂಜೊದಾರೊದಲ್ಲಿ ನಾಲ್ಕು ಸಾವಿರ ವರ್ಷ ದಾಟಿದ ಇಟ್ಟಿಗೆಗಳನ್ನ ತಿಂತಿರೋದೂ ಇದೇ ಉಪ್ಪು.

ಸುಣ್ಣದ ವಿಷಯ ಎಷ್ಟು ಹೇಳಿದ್ರೂ ನಂಗೆ ಸಾಲಲ್ಲ. ಸುಣ್ಣದ ಕಲ್ಲನ್ನ ಸುಮಾರು 900 ಡಿಗ್ರಿಯಲ್ಲಿ ಸುಟ್ರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತೆ, ನೀರು ಹಾಕಿ ಅರಳಿಸಿ ಗೋಡೆಗೆ ಹಾಕಿದ್ಮೇಲೆ ಗಾಳಿಯಿಂದ ಅದನ್ನೇ ವಾಪಸ್ ಎಳ್ಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ! ಕೂದಲೆಳೆಯಷ್ಟು ಬಿರುಕು ಬಿಟ್ರೆ ನೀರಲ್ಲಿ ಕರಗಿದ ಸುಣ್ಣ ಅಲ್ಲೇ ಕೂತು ಮುಚ್ಕೊಳುತ್ತೆ.

ಹಾಗಾದ್ರೆ ಏನು ಮಾಡೋದು? ಮೊದ್ಲು ನೀರು ಎಲ್ಲಿಂದ ಬರ್ತಿದೆ ಹುಡುಕಿ, ಒಡೆದ ಪೈಪು, ಸೋರೋ ಸೂರು, ಗೋಡೆ ಬುಡಕ್ಕೆ ಏರಿಸಿದ ಮಣ್ಣು. ಅದು ಸರಿಯಾಗದೆ ಗೋಡೆ ಮುಟ್ಬೇಡಿ. ಆಮೇಲೆ ಸಡಿಲ ಗಾರೆನ ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಉಳಿಯಿಂದ ಕೆತ್ತಿ ತೆಗೀರಿ, ಗ್ರೈಂಡರ್ ಹಚ್ಚಿದ್ರೆ ಇಟ್ಟಿಗೆ ಅಂಚೇ ಹೋಗುತ್ತೆ. ಸಂದಿ ಒದ್ದೆ ಮಾಡಿ ಸುಣ್ಣದ ಗಾರೆ ತುಂಬಿ, ಒದ್ದೆ ಗೋಣಿ ಹೊದಿಸಿ ಕೆಲವು ದಿನ ಬೇಗ ಒಣಗದ ಹಾಗೆ ನೋಡ್ಕೊಳ್ಳಿ. ಸ್ಯಾಂಡ್‌ಬ್ಲಾಸ್ಟಿಂಗ್, ಅಂದ್ರೆ ಮರಳನ್ನ ಜೋರಾಗಿ ಚಿಮ್ಮಿಸಿ ಗೋಡೆ ಕ್ಲೀನ್ ಮಾಡೋದು, ಅಂತೂ ಬೇಡವೇ ಬೇಡ, ಬೆಂಕಿಯಲ್ಲಿ ಬೆಂದ ಗಟ್ಟಿ ಹೊರಪದರಾನೇ ಕಿತ್ತುಹೋಗುತ್ತೆ.

ಪ್ಲಾಸ್ಟರ್ ಬೇಡ ಅನ್ನೋಕೆ ಇನ್ನೊಂದು ಕಾರಣ, ನಂಗೆ ಇದೇ ದೊಡ್ಡದು. ಬರೀ ಇಟ್ಟಿಗೆಯಾಗಿ ಬಿಟ್ಟ ಗೋಡೆಯಲ್ಲಿ ಮನೆ ಕಥೆ ಓದ್ಬೋದು: ಇಟ್ಟಿಗೆ ಸೈಜ್ ಬದಲಾದ ಕಡೆ ಆಮೇಲೆ ಸೇರಿಸಿದ ರೂಮು, ಸಾಲು ತಪ್ಪಿದ ಕಡೆ ಮುಚ್ಚಿದ ಕಿಟಕಿ. ಸಿಮೆಂಟ್ ಬಳಿದ ದಿನ ಅದೆಲ್ಲ ಕಾಣದಂಗಾಗುತ್ತೆ.

ಈಗಾಗ್ಲೇ ಬಳಿಸಿಬಿಟ್ಟಿದ್ರೆ ಗಾಬರಿಯಿಂದ ಪೂರ್ತಿ ಕೀಳೋಕೆ ಹೋಗ್ಬೇಡಿ. ಮೂಲೆಯಲ್ಲಿ ಒಂದು ಗೇಣು ಜಾಗ ಎಬ್ಬಿಸಿ ನೋಡಿ, ಇಟ್ಟಿಗೆ ಮುಖನೂ ಜೊತೆಗೆ ಕಿತ್ಕೊಂಡು ಬಂದ್ರೆ ಅಲ್ಲಿಗೇ ನಿಲ್ಸಿ, ಹಳೇ ಕಟ್ಟಡದ ಕೆಲಸ ಗೊತ್ತಿರೋರನ್ನ ಕರೆಸಿ.