ಪೆನ್ಸಿಲ್ ತುದಿ ನೋಡಬ್ಯಾಡ್ರಿ, ಗೆರಿ ಮುಟ್ಟೂ ಜಾಗ ನೋಡ್ರಿ

ಚಿತ್ರ ಬರಬೇಕಂದ್ರ ಕೈ ಪಳಗಬೇಕು ಅಂತಾರ ಎಲ್ಲಾರೂ, ಖರೇನ ಅದು, ಆದ್ರ ನನಗನಸೂದು ಮೊದ್ಲ ಪಳಗಬೇಕಾದ್ದು ಕಣ್ಣು. ಗದಗಿನ ತ್ರಿಕೂಟೇಶ್ವರ ಗುಡಿ ಆವರಣದಾಗ ಸರಸ್ವತಿ ಗುಡಿ ಐತಲ್ಲ, ಅದರ ಕಂಬದ ಮುಂದ ಸ್ಕೆಚ್‌ಬುಕ್ ಹಿಡ್ಕೊಂಡು ಕುಂತ್ರ ಇದು ಚಲೋ ತಿಳಿತೈತಿ. ಅಷ್ಟು ಸಣ್ಣ ಕೆತ್ತನಿ ಎಲ್ಲಾ ಒಮ್ಮೆಗೇ ಕಂಡಂಗ ಅನಸ್ತೈತಿ, ಆದ್ರ ಕಣ್ಣಿಗೆ ಒಂದ್ಸಲಕ್ಕ ಚೊಕ್ಕ ಕಾಣೂದು ಸುಮಾರು 2 ಡಿಗ್ರಿಯಷ್ಟ, ಅಂದ್ರ ಕೈ ಉದ್ದಕ ಚಾಚಿ ಹೆಬ್ಬೆರಳು ಎತ್ತಿದ್ರ ಅದರ ಅಗಲ ಎಷ್ಟೋ ಅಷ್ಟ. ಸುತ್ತಲಿಂದೆಲ್ಲಾ ಮಸುಕು. ಅದಕ್ಕ ಕಣ್ಣು ಸೆಕೆಂಡಿಗೆ 3-4 ಸಲ ಜಿಗೀತಿರತೈತಿ, ನಮಗ ಗೊತ್ತ ಆಗಂಗಿಲ್ಲ.

ಕಂಬ ನೋಡಿ ಕಣ್ಣು ಹಾಳಿ ಮ್ಯಾಲೆ ತಂದ್ರಿ ಅಂದ್ರ, ಆವಾಗ ಕೈ ಬರಿಯೂದು ಕಂಬ ಅಲ್ಲ, ತಲ್ಯಾಗ ಉಳದ ನೆನಪು. ಆ ನೆನಪಿನ್ಯಾಗ ಭಾಳ ಹಿಡಿಯಂಗಿಲ್ಲ. ಮ್ಯಾಲಿಂದ ಬುಡದ ತನಕ ನೋಡಿ ಒಮ್ಮೆಲೆ ಬರಿಯಾಕ ಹೋದ್ರ, ಎರಡು ತಿರುವು ದಾಟಿದ ಮ್ಯಾಲೆ ಕೈ ತನಗ ರೂಢಿ ಇದ್ದ ಯಾವುದೋ ಕಂಬ ಬರದ್ ಬಿಡತೈತಿ. ಒಂದ ತಿರುವು ನೋಡ್ರಿ, ಅಷ್ಟ ಬರೀರಿ, ಮತ್ತ ತಲಿ ಎತ್ರಿ.

ಇನ್ನೊಂದು ನನಗ ಭಾಳ ಸೇರಿದ್ದು. ನಿಂತ ಕಂಬದ ಅಂಚಿನ ಮ್ಯಾಲೆ ಕಣ್ಣು ಜಾರಿಕೊಂಡು ಹೋಗಂಗಿಲ್ಲ, ಜಿಗದ ಜಿಗದ ಹೋಗತೈತಿ, ಅದೇ ಏನರ ಅಲಗಾಡೂದು ಸಿಕ್ರ ಅದರ ಬೆನ್ನ ಹತ್ತಿ ನಯವಾಗಿ ಹೋಗತೈತಿ. ಹಂಗಾಗಿ ಬರಿಯೂಕಿಂತ ಮೊದ್ಲ ನಾನು ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿ ಕಂಬದ ಅಂಚಿಗೆ ಹೊಂದಿಸಿ ಗಾಳ್ಯಾಗ ಮೆಲ್ಲಕ ಎಳೀತೀನಿ, ಕಣ್ಣು ಆ ತುದಿ ಹಿಂದ ಹೋಗತೈತಿ, ಎಲ್ಲಿ ಉಬ್ಬೈತಿ ಎಲ್ಲಿ ಒಳಗ ಹೋಗೈತಿ ಅನ್ನೂದು ಆವಾಗ ಮೊಣಕೈಗೂ ಗೊತ್ತಾಗತೈತಿ.

ಹಾಳಿಗೆ ಬಂದ ಮ್ಯಾಲೆ ಮಾತ್ರ ತುದಿ ನೋಡಕೋತ ಕುಂದರಬಾರದು. ಅವ್ವ ಚುಕ್ಕಿ ರಂಗೋಲಿ ಹಾಕೂಮುಂದ ನೋಡ್ರಿ, ಪುಡಿ ಬೀಳೂ ಕಡೆ ಅಕಿ ಕಣ್ಣಿರಂಗಿಲ್ಲ, ಮುಂದಿನ ಚುಕ್ಕಿ ಮ್ಯಾಲಿರತೈತಿ, ಗೆರಿ ತಾನ ಅಲ್ಲಿಗೆ ಬರತೈತಿ. ಉದ್ದ ಗೆರಿ ಎಳಿಯೂಮುಂದ ನಾನೂ ಅದು ಮುಟ್ಟೂ ಜಾಗದಾಗ ಸಣ್ಣ ಚುಕ್ಕಿ ಇಟ್ಟು, ಬೆರಳು ಬಿಟ್ಟು ಭುಜದಿಂದ ಎಳೀತೀನಿ.

ಈಗಿನ ಹುಡುಗ್ರು ಗುಡಿಗೆ ಬಂದು ಫೋಟೋ ಹೊಡ್ಕೊಂಡು ಮನ್ಯಾಗ ಅದನ್ನ ನೋಡಿ ಬರೀತಾರ, ನನಗ ಜೀವ ಚುರ್ ಅಂತೈತಿ. ಫೋಟೋದಾಗ ಕಂಬ ಆಗಲೇ ಚಪ್ಪಟಿ ಆಗಿರತೈತಿ, ಕಣ್ಣಿನ ಅರ್ಧ ಕೆಲಸ ಫೋನೇ ಮಾಡಿ ಮುಗಿಸಿರತೈತಿ. ಕಂಬ ಒಂದನ್ನ ಪೂರ್ತಿ ಬರಿಯಾಕ ಆಗಲಿಲ್ಲಂದ್ರೂ ನಡೀತೈತಿ, ಮೊಳದಷ್ಟು ಬರೀರಿ, ಅಲ್ಲೇ ಅದರ ಎದುರಿಗೇ ಕುಂತು ಬರೀರಿ.