ಮಿಡಿಸೌತೆಯ ಇಂಗ್ಲಿಷ್: ಏಳನೆಯ ತಿಂಗಳವರೆಗಿನ ದಾಖಲೆ

ತುಮಕೂರಿನ ಹೊರವಲಯದಲ್ಲಿರುವ ಮಿಡಿಸೌತೆ (ಗರ್ಕಿನ್, ವಿನೆಗರ್‌ನಲ್ಲಿ ಹಾಕಿಡುವ ಪುಟ್ಟ ಸೌತೆ) ಸಂಸ್ಕರಣಾ ಘಟಕವೊಂದರ ರಫ್ತು ವಿಭಾಗದಲ್ಲಿ ನಾನು ದಾಖಲೆಪತ್ರಗಳ ಕೆಲಸ ಮಾಡುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್‌ಗಳ ಇಂಗ್ಲಿಷ್ ನನಗೆ ಎಂದೂ ಕಷ್ಟವಾಗಿಲ್ಲ. ಅವುಗಳಲ್ಲಿ ಪೂರ್ಣ ವಾಕ್ಯಗಳೇ ಇರುವುದಿಲ್ಲ. ಆದರೆ ಖರೀದಿದಾರರೊಡನೆ ನೇರವಾಗಿ ಮಾತನಾಡುವ ಮಾರಾಟ ವಿಭಾಗಕ್ಕೆ ಹೋಗಬೇಕು, ಮುಂದೆ ಅವಕಾಶ ಒದಗಿದರೆ ಹೊರದೇಶದಲ್ಲಿಯೇ ಕೆಲಸ ಮಾಡಬೇಕು ಎಂಬ ಆಸೆಯಿಂದ ಕಳೆದ ಜೂನ್‌ನಲ್ಲಿ ವ್ಯವಹಾರದ ಇಂಗ್ಲಿಷ್ ಕಲಿಯಲು ಆರಂಭಿಸಿದೆ. ಕೇಂಬ್ರಿಡ್ಜ್‌ನ ಬಿಸಿನೆಸ್ ಇಂಗ್ಲಿಷ್ ಪರೀಕ್ಷೆಗಳಲ್ಲಿ ಬಿ1, ಬಿ2, ಸಿ1 ಎಂಬ ಮೂರು ಹಂತಗಳಿದ್ದು, ನಡುವಿನದನ್ನು ಗುರಿಯಾಗಿ ಇಟ್ಟುಕೊಂಡಿದ್ದೇನೆ.

ಮೊದಲ ಎರಡು ತಿಂಗಳುಗಳ ಬಗ್ಗೆ ಬರೆಯುವುದು ಹೆಚ್ಚೇನೂ ಇಲ್ಲ. ದಿನಕ್ಕೆ ಇಪ್ಪತ್ತು ಪದಗಳಂತೆ ಪಟ್ಟಿ ಮಾಡಿ ಉರು ಹೊಡೆದೆ. ಅವುಗಳಲ್ಲಿ ಹೆಚ್ಚಿನವು ಈಗ ನೆನಪಿಲ್ಲ.

ನಿಜವಾದ ಕಲಿಕೆ ಆರಂಭವಾದದ್ದು ಮೂರನೆಯ ತಿಂಗಳಲ್ಲಿ, ನಾನೇ ಹಿಂದೆ ಬರೆದಿದ್ದ ನಲವತ್ತು ಇಮೇಲ್‌ಗಳನ್ನು ಮುದ್ರಿಸಿಕೊಂಡು, ಯಾರೋ ಅಪರಿಚಿತರು ಬರೆದವೆಂಬಂತೆ ಓದಿದಾಗ. ವ್ಯಾಕರಣದ ತಪ್ಪುಗಳು ನಾನು ಹೆದರಿದ್ದಷ್ಟು ಇರಲಿಲ್ಲ, ಆದರೆ ಧಾಟಿ ಒರಟಾಗಿತ್ತು. ಕನ್ನಡದಲ್ಲಿ ‘ಕಳುಹಿಸಿ’ ಎಂದರೆ ಮರ್ಯಾದೆ ಆ ಕ್ರಿಯಾಪದದ ಕೊನೆಯಲ್ಲಿಯೇ ಇರುತ್ತದೆ, ‘ಕಳುಹಿಸಿಕೊಡಿ’ ಎಂದರೆ ಇನ್ನಷ್ಟು ಮೆತ್ತಗಾಗುತ್ತದೆ. ಅದನ್ನೇ ಇಂಗ್ಲಿಷಿಗೆ ತಂದಾಗ ಮರ್ಯಾದೆಯೆಲ್ಲ ಉದುರಿ ‘ಸೆಂಡ್’ ಎಂಬ ಬರಿಯ ಅಪ್ಪಣೆ ಉಳಿಯುತ್ತದೆ. ಅದರ ಮುಂದೆ ‘ಕೈಂಡ್ಲಿ’ ಅಂಟಿಸಿದರೆ ಅಪ್ಪಣೆ ಹೋಗುವುದಿಲ್ಲ, ಅಪ್ಪಣೆಗೊಂದು ಸೀಲು ಬೀಳುತ್ತದೆ, ಅಷ್ಟೆ. ‘ಕುಡ್ ಯೂ’ ಎಂದು ಪ್ರಶ್ನೆಯಾಗಿ ಕೇಳುವ ಅಭ್ಯಾಸ ಕೈಗೆ ಹತ್ತಲು ಒಂದು ತಿಂಗಳು ಹಿಡಿಯಿತು. ನಮ್ಮ ಕಚೇರಿಗಳ ‘ಡೂ ದ ನೀಡ್‌ಫುಲ್’ ಒಂದು ಕಾಲದಲ್ಲಿ ಬ್ರಿಟಿಷರದ್ದೇ ಬಳಕೆಯಾಗಿದ್ದು, ಅವರು ಬಿಟ್ಟ ಮೇಲೂ ನಾವು ಜೋಪಾನ ಮಾಡಿಕೊಂಡು ಬಂದಿರುವುದನ್ನು ತಿಳಿದಾಗ ನಗು ಬಂತು.

ನಾಲ್ಕನೆಯ ತಿಂಗಳಲ್ಲಿ ಕಲಿತದ್ದಕ್ಕೆ ನಮ್ಮ ಘಟಕ ಬೆಲೆ ತೆರಬೇಕಾಯಿತು. ಜರ್ಮನಿಯ ಖರೀದಿದಾರರೊಬ್ಬರು, ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ತೂಗುವ ಸಣ್ಣ ದರ್ಜೆಯ ಸರಕು 20ನೆಯ ತಾರೀಖಿನೊಳಗೆ ಹೊರಡಬಲ್ಲದೇ ಎಂದು ಕೇಳಿದ್ದರು. ಮಿಡಿಸೌತೆಯನ್ನು ದಿನವೂ ಕೀಳಬೇಕು; ಒಂದು ದಿನ ಬಳ್ಳಿಯಲ್ಲಿ ಬಿಟ್ಟರೆ ಕಾಯಿ ದಪ್ಪವಾಗಿ ಕಡಿಮೆ ಬೆಲೆಯ ದರ್ಜೆಗೆ ಇಳಿಯುತ್ತದೆ. ಮಧುಗಿರಿ ಕಡೆ ಮಳೆ ಹಿಡಿದಿತ್ತು. ನಮ್ಮ ಕ್ಷೇತ್ರಾಧಿಕಾರಿಗಳು ಫೋನಿನಲ್ಲಿ ‘ನೋಡೋಣ ಸಾರ್’ ಎಂದರು. ನಮ್ಮ ಸೀಮೆಯಲ್ಲಿ ‘ನೋಡೋಣ’ ಎಂದರೆ ಆಗುವುದಿಲ್ಲವೆಂದೇ ಅರ್ಥವೆಂದು ಮದುವೆಗೆ ಸಾಲ ಕೇಳಲು ಹೋದ ಯಾರಿಗಾದರೂ ಗೊತ್ತು. ನಾನು ಅದನ್ನು ‘ವಿ ವಿಲ್ ಟ್ರೈ ಅವರ್ ಬೆಸ್ಟ್’ ಎಂದು ಬರೆದು ಕಳುಹಿಸಿದೆ. ಅವರು ಅದನ್ನು ಒಪ್ಪಿಗೆಯೆಂದು ತಿಳಿದು ಮುಂದಿನ ಏರ್ಪಾಡುಗಳನ್ನೆಲ್ಲ ಮಾಡಿಕೊಂಡರು. ಸರಕು ಒಂಬತ್ತು ದಿನ ತಡವಾಗಿ ಹೊರಟಿತು, ಬೆಲೆಯಲ್ಲಿ ಕಡಿತವೂ ಆಯಿತು.

ಆ ಪತ್ರವನ್ನು ಮತ್ತೆ ಓದಿದಾಗ ಇನ್ನೊಂದು ದೋಷವೂ ಕಂಡಿತು. ಮಳೆ ಬಂದದ್ದರಿಂದ, ಕೀಳುವ ಕೆಲಸ ನಿಂತದ್ದರಿಂದ, ಕಾಯಿ ದಪ್ಪವಾದದ್ದರಿಂದ ಎಂದು ಕಾರಣಗಳನ್ನೆಲ್ಲ ಪೋಣಿಸಿ ತೀರ್ಮಾನವನ್ನು ಕೊನೆಗೆ ಇಡುವುದು ಕನ್ನಡದ ನಡೆ, ಏಕೆಂದರೆ ನಮ್ಮ ಕ್ರಿಯಾಪದವೇ ಕೊನೆಯಲ್ಲಿ ಬರುತ್ತದೆ. ಇಮೇಲಿನ ಮೊದಲೆರಡು ಸಾಲುಗಳನ್ನಷ್ಟೇ ಓದುವ ಖರೀದಿದಾರರಿಗೆ ನನ್ನ ತೀರ್ಮಾನ ತಲುಪುವುದೇ ಇಲ್ಲ. ಈಗ ಮೊದಲ ಸಾಲಿನಲ್ಲಿ ಆಗುತ್ತದೆಯೇ ಇಲ್ಲವೇ ಎಂಬುದನ್ನು, ಎರಡನೆಯದರಲ್ಲಿ ತಾರೀಖನ್ನು ಬರೆದು, ಮಳೆಯನ್ನು ಮೂರನೆಯ ಸಾಲಿಗೆ ತಳ್ಳುತ್ತೇನೆ. ಇದು ಸರಿಯೆಂದು ಗೊತ್ತಿದ್ದರೂ, ಬರೆಯುವಾಗ ಕುಶಲ ವಿಚಾರಿಸದೆ ಸಾವಿನ ಸುದ್ದಿ ಹೇಳಿದಂತೆ ಇಂದಿಗೂ ಮುಜುಗರವಾಗುತ್ತದೆ.

ಐದನೆಯ ತಿಂಗಳು ಅಂಕಿಗಳಿಗೆ ಹೋಯಿತು. ಜರ್ಮನಿಯವರು 1.250 ಎಂದು ಬರೆದರೆ ಅದು ಸಾವಿರದ ಇನ್ನೂರ ಐವತ್ತು, ಒಂದೂಕಾಲಲ್ಲ. 03/04 ಎಂಬುದು ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಕ್ಷೇಮ.

ಮಾತಿನ ಅಭ್ಯಾಸ ಅಮಾನಿಕೆರೆಯ ಏರಿಯ ಮೇಲೆ ನಡೆಯುತ್ತಿದೆ. ಪರೀಕ್ಷೆಯ ಮಾತಿನ ಭಾಗದಲ್ಲಿ ಅಭ್ಯರ್ಥಿಗಳು ಜೋಡಿಯಾಗಿ ಕೂರುತ್ತಾರೆ, ಒಬ್ಬೊಬ್ಬರೂ ಸುಮಾರು ಒಂದು ನಿಮಿಷ ಒಂದು ವಿಷಯದ ಮೇಲೆ ಮಾತನಾಡಬೇಕು. ಆದ್ದರಿಂದ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕನಾಗಿರುವ ಗೆಳೆಯನೂ ನಾನೂ ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ನಡೆಯುತ್ತ ಮಾತನಾಡುತ್ತೇವೆ. ಸಿಐಎಫ್ ಒಪ್ಪಂದದಲ್ಲಿ ಸಾಗಣೆ ಮತ್ತು ವಿಮೆಯ ಖರ್ಚು ಮಾರುವವರದಾದರೂ, ಚೆನ್ನೈನಲ್ಲಿ ಸರಕು ಹಡಗೇರಿದ ಕ್ಷಣದಿಂದ ನಷ್ಟದ ಹೊಣೆ ಕೊಳ್ಳುವವರದು ಎಂಬುದನ್ನು ಒಂದು ನಿಮಿಷದಲ್ಲಿ ಹೇಳಿ ಮುಗಿಸಲು ನನಗೆ ಆರು ಭಾನುವಾರಗಳು ಬೇಕಾದವು. ವಾಯುವಿಹಾರಕ್ಕೆ ಬರುವ ಹಿರಿಯರೊಬ್ಬರು ‘ಏನಪ್ಪಾ, ಇಂಟರ್‌ವ್ಯೂ ಇನ್ನೂ ಮುಗೀಲಿಲ್ವಾ?’ ಎಂದು ಪ್ರತಿವಾರ ಕೇಳುತ್ತಾರೆ.

ಧ್ವನಿಮುದ್ರಣ ಕೇಳಿದಾಗ ತಿಳಿದದ್ದೆಂದರೆ, ವಿನೆಗರ್ ಮತ್ತು ವೆಯ್ಟ್ ಎರಡಕ್ಕೂ ನಾನು ಕನ್ನಡದ ಒಂದೇ ‘ವ’ ಬಳಸುತ್ತಿದ್ದೇನೆ. ಮೊದಲನೆಯದಕ್ಕೆ ಮೇಲುಹಲ್ಲು ಕೆಳತುಟಿಯನ್ನು ಮುಟ್ಟಬೇಕು, ಎರಡನೆಯದಕ್ಕೆ ತುಟಿಗಳು ಸುತ್ತಿಕೊಳ್ಳಬೇಕು. ದಿನವೂ ಈ ಎರಡು ಪದಗಳಿಲ್ಲದೆ ನಮ್ಮ ವ್ಯಾಪಾರ ನಡೆಯುವುದಿಲ್ಲವಾದ್ದರಿಂದ ಅಭ್ಯಾಸಕ್ಕೇನೂ ಕೊರತೆಯಿಲ್ಲ.

ಪರೀಕ್ಷೆಯ ಬರವಣಿಗೆ ಭಾಗದ ಮೊದಲ ಪ್ರಶ್ನೆಗೆ 40ರಿಂದ 50 ಪದಗಳ ಮಿತಿಯಿದೆ; ನನ್ನ ಉತ್ತರ ಮೊನ್ನೆಯವರೆಗೂ 80ನ್ನು ದಾಟುತ್ತಿತ್ತು. ನಿನ್ನೆ, ಹಡಗು ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರುವುದರಿಂದ ಕಂಟೇನರ್ ತಡವಾಗುತ್ತದೆಂದು ಅದೇ ಜರ್ಮನಿಯ ಖರೀದಿದಾರರಿಗೆ ತಿಳಿಸಬೇಕಾಗಿತ್ತು. ತೀರ್ಮಾನ ಮೊದಲ ಸಾಲಿನಲ್ಲಿತ್ತು, ಬೇಡಿಕೆ ಪ್ರಶ್ನೆಯ ರೂಪದಲ್ಲಿತ್ತು, ಎಣಿಸಿದಾಗ ಸರಿಯಾಗಿ 46 ಪದಗಳಿದ್ದವು. ಕಳುಹಿಸಿ ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು: ವಿಷಯ ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು, ಹಾಗಾದರೆ ಹಡಗು ತಲುಪುವ ತಾರೀಖು ಯಾವುದು? ಅದನ್ನು ಬರೆಯಲು ಮರೆತೇಬಿಟ್ಟಿದ್ದೆ.