ಅಷ್ಟು ದೂರ ಹೋಗಿ ಏನು ಸಿಗುತ್ತೆ?

"ರಜೆ ಹಾಕಿ, ವಿಮಾನಕ್ಕೆ ದುಡ್ಡು ಸುರಿದು, ಆ ರೋಗಿಗಳ ಸಮ್ಮೇಳನ ಅಂತ ಅಷ್ಟು ದೂರ ಹೋಗಿ ಬರ್ತೀಯಲ್ಲ, ಅಲ್ಲಿ ಅಂಥದ್ದೇನು ಸಿಗುತ್ತೆ? ಎಲ್ಲ ಮೊಬೈಲಲ್ಲೇ ಓದ್ಕೋಬಹುದಲ್ವಾ?" ಶಿವಮೊಗ್ಗಕ್ಕೆ ಫೋನ್ ಮಾಡಿದಾಗಲೆಲ್ಲ ದೊಡ್ಡಮ್ಮ ಕೇಳುತ್ತಾರೆ. ಇಲ್ಲಿ ಅಮೆರಿಕದಲ್ಲಿ ಆಫೀಸಿನವರೂ ಕೇಳುತ್ತಾರೆ. ಕಳೆದ ತಿಂಗಳು ಬೆಂಗಳೂರಿನ ಒಬ್ಬರು ಕೇಳಿದರು. ಅವರ ಹದಿನಾಲ್ಕು ವರ್ಷದ ಮಗನಿಗೆ ನನಗಿರುವ ಕಾಯಿಲೆಯೇ ಇದೆ ಎಂದು ಈಗಷ್ಟೇ ಗೊತ್ತಾಗಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ನಾರ್ಕೋಲೆಪ್ಸಿ. ಹೆಚ್ಚುಕಮ್ಮಿ ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆ. ರಾತ್ರಿ ಎಷ್ಟೇ ಹೊತ್ತು ಮಲಗಿದ್ದರೂ ಹಗಲು ನಿದ್ದೆ ಎಳೆದುಕೊಂಡು ಹೋಗುತ್ತದೆ. ರಾತ್ರಿಯಾದರೆ ಪದೇ ಪದೇ ಎಚ್ಚರ. ಜೊತೆಗೆ ನನಗೆ ಕ್ಯಾಟಪ್ಲೆಕ್ಸಿಯೂ ಇದೆ. ಮನಸ್ಸು ತುಂಬಿ ನಕ್ಕರೆ ಮೈಯ ಬಲ ಒಮ್ಮೆಗೇ ಹೋಗಿಬಿಡುತ್ತದೆ. ಪ್ರಜ್ಞೆ ತಪ್ಪುವುದಿಲ್ಲ. ಸುತ್ತಲಿನವರ ಮಾತೆಲ್ಲ ಕೇಳಿಸುತ್ತಿರುತ್ತದೆ, ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಒಂದು ನಿಮಿಷದೊಳಗೆ ಮತ್ತೆ ಸರಿಹೋಗುತ್ತದೆ.

ನನಗೆ ಮೊದಲ ಸಲ ಹೀಗಾದದ್ದು ಅಕ್ಕನ ಮದುವೆಯ ಚಪ್ಪರದಲ್ಲಿ. ಆಗ ನನಗೆ ಹದಿನೈದು. ಭಾವನ ತಮ್ಮ ಏನೋ ಹೇಳಿದ, ನಕ್ಕೆ, ಮಂಡಿ ಮಡಚಿಕೊಂಡು ಕುಸಿದೆ. ಯಾರೋ ಮುಖಕ್ಕೆ ನೀರು ಚಿಮುಕಿಸಿದರು. ಯಾರೋ ಕೈಗೆ ಬೀಗದ ಕೈಗೊಂಚಲು ತುರುಕಿದರು. "ಮೂರ್ಛೆ ರೋಗ ಅಂತ ಕಾಣುತ್ತೆ, ಮುಂದೆ ಇವಳ ಮದುವೆ ಕಷ್ಟ" ಅಂತ ಹಿಂದಿನಿಂದ ಯಾರೋ ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಎರಡು ವರ್ಷ ಫಿಟ್ಸ್ ಮಾತ್ರೆ ನುಂಗಿದೆ. ನಗು ಬಂದಾಗ ಕೆನ್ನೆಯ ಒಳಭಾಗ ಕಚ್ಚಿ ಹಿಡಿಯುವುದನ್ನು ಕಲಿತೆ. ಮಾತ್ರೆ ನಿಂತ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಸರಿಯಾದ ಹೆಸರು ಸಿಗುವ ಹೊತ್ತಿಗೆ ಇಪ್ಪತ್ತಾರು ದಾಟಿತ್ತು. ರಾತ್ರಿಯಿಡೀ ತಲೆಗೆ ವೈರು ಅಂಟಿಸಿ ಮಲಗಿಸಿದರು. ಮರುದಿನ ಎರಡೆರಡು ಗಂಟೆಗೊಮ್ಮೆ, ಐದು ಸಲ, ಇಪ್ಪತ್ತು ನಿಮಿಷ ಮಲಗಲು ಹೇಳಿದರು. ನಿದ್ದೆ ಹತ್ತಲು ಸರಾಸರಿ ಎಂಟು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಾಕಾದರೆ ತೊಂದರೆ ಇದೆ ಎಂದು ಲೆಕ್ಕ. ನನಗೆ ಎರಡು ನಿಮಿಷವೂ ಬೇಕಾಗಿರಲಿಲ್ಲ. ಇಷ್ಟು ವರ್ಷ ತಡವಾಗುವುದು ಈ ಕಾಯಿಲೆಯಲ್ಲಿ ಮಾಮೂಲು ಅಂತೆ.

ಈಗ ಸಮ್ಮೇಳನದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಇಂಥ ರೋಗಿಗಳದ್ದೇ ಸಂಘಗಳಿವೆ. ನಾರ್ಕೋಲೆಪ್ಸಿ ನೆಟ್‌ವರ್ಕ್ ಎಂಬುದು 1986ರಲ್ಲೇ ಶುರುವಾದದ್ದು. ಯಾವುದಾದರೂ ಹೋಟೆಲಿನಲ್ಲಿ ಎರಡು ಮೂರು ದಿನ ರೋಗಿಗಳು, ಮನೆಯವರು, ಡಾಕ್ಟರುಗಳು ಸೇರುತ್ತಾರೆ. ಮೊದಲ ಸಲ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಸಭಾಂಗಣದ ಪಕ್ಕದ ಕೋಣೆ. ದೀಪ ಆರಿಸಿ, ಸಾಲಾಗಿ ಹಾಸಿಗೆ ಹಾಕಿದ್ದರು. ಯಾವಾಗ ಬೇಕಾದರೂ ಹೋಗಿ ಮಲಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ತೂಕಡಿಸುವವರಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಅಂತ ನಮ್ಮಲ್ಲಿ ಬೈಯಲು ಹೇಳುತ್ತಾರಲ್ಲ, ಇಲ್ಲಿ ಅದನ್ನು ಪ್ರೀತಿಯಿಂದ ಮಾಡಿದ್ದರು. ಬಾಗಿಲಲ್ಲಿ ನಿಂತು ಸುಮ್ನೆ ನೋಡುತ್ತಿದ್ದೆ, ಕಣ್ಣು ತುಂಬಿ ಬಂತು.

ಭಾಷಣಗಳಲ್ಲಿ ಹೇಳುವ ವಿಜ್ಞಾನ ಮೊಬೈಲಲ್ಲಿ ಸಿಗುತ್ತದೆ, ದೊಡ್ಡಮ್ಮ ಹೇಳುವುದು ನಿಜ. ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ವಸ್ತುವನ್ನು 1998ರಲ್ಲಿ ಕಂಡುಹಿಡಿದರು. ನನ್ನಂಥವರ ಮಿದುಳಿನಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಸತ್ತುಹೋಗಿವೆ ಎಂದು 2000ದಲ್ಲಿ ಗೊತ್ತಾಯಿತು. ಇದನ್ನೆಲ್ಲ ಮೊದಲೇ ಓದಿದ್ದೆ. ಆದರೆ ಅಲ್ಲಿ ಡಾಕ್ಟರು ಒಂದು ಹಳೇ ವಿಡಿಯೋ ಹಾಕಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಈ ಕಾಯಿಲೆಯಿದ್ದ ಡಾಬರ್‌ಮನ್ ನಾಯಿಗಳನ್ನು ಸಾಕಿ ಅಧ್ಯಯನ ಮಾಡಿದ್ದರು. ತಟ್ಟೆಗೆ ಊಟ ಬಿದ್ದ ಖುಷಿಗೇ ನಾಯಿ ಕಾಲು ಮಡಚಿ ಕುಸಿಯುತ್ತದೆ. ನನ್ನ ಗೆಳೆಯರಿಗೆ ಅದನ್ನು ತೋರಿಸಿದಾಗ ನಕ್ಕಿದ್ದರು. ಆ ಸಭಾಂಗಣದಲ್ಲಿ ಒಬ್ಬರೂ ನಗಲಿಲ್ಲ. ನನ್ನ ಮುಂದಿನ ಸಾಲಿನ ಒಬ್ಬ ಅಜ್ಜ ಮೆಲ್ಲಗೆ ತಲೆ ಆಡಿಸುತ್ತಿದ್ದರು, ಹೌದು, ಹೌದು ಅನ್ನುವ ಹಾಗೆ.

ಆ ದಿನ ಮಧ್ಯಾಹ್ನದ ಊಟದಲ್ಲಿ ನಡೆದದ್ದು ಮಾತ್ರ ಯಾವ ಮೊಬೈಲಲ್ಲೂ ಸಿಗಲಾರದು. ದುಂಡು ಮೇಜಿಗೆ ಎಂಟು ಜನ ಕೂತಿದ್ದೆವು. ನನ್ನ ಎದುರಿಗಿದ್ದ ಹೆಂಗಸು ತನ್ನ ಮಗನ ಕಥೆ ಹೇಳುತ್ತಾ ನಗತೊಡಗಿದಳು. ಮೊದಲು ಅವಳ ದವಡೆ ಜೋತುಬಿತ್ತು. ಮಾತು ತೊದಲಿತು. ರೆಪ್ಪೆ ಇಳಿಯಿತು. ಚಮಚ ಬೆರಳಿನಿಂದ ಜಾರಿತು. ತಲೆ ಎರಡು ಸಲ ಸಾವರಿಸಿಕೊಂಡು ಮೂರನೇ ಸಲ ಮುಂದಕ್ಕೆ ಬಾಗಿತು. ಪಕ್ಕದ ಹುಡುಗಿ ಒಂದು ಕೈಯಲ್ಲಿ ತಟ್ಟೆಯನ್ನು ಆಚೆ ಸರಿಸಿ, ಇನ್ನೊಂದು ಅಂಗೈಯನ್ನು ಅವಳ ಹಣೆಯ ಕೆಳಗೆ ಇಟ್ಟಳು. ಅಷ್ಟೇ. ಯಾರೂ ಕೂಗಲಿಲ್ಲ, ನೀರು ತರಲಿಲ್ಲ. ಮಾತು ನಿಲ್ಲಲೂ ಇಲ್ಲ, ಯಾಕೆಂದರೆ ಅವಳಿಗೆ ಎಲ್ಲ ಕೇಳಿಸುತ್ತಿದೆ ಎಂದು ಮೇಜಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವಳ ಕಥೆಗೇ ಒಬ್ಬರು ಉತ್ತರ ಕೊಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ತಲೆ ಎತ್ತಿ, ಬಿಟ್ಟಲ್ಲಿಂದಲೇ ಕಥೆ ಮುಂದುವರಿಸಿದಳು.

ನನಗೆ ಅಷ್ಟು ವರ್ಷದಿಂದ ಆಗುತ್ತಿದ್ದದ್ದನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಕಥೆಯ ಕೊನೆಗೆ ಎಲ್ಲರೂ ನಕ್ಕರು. ನಾನು ಕೆನ್ನೆ ಕಚ್ಚಲಿಲ್ಲ. ನಕ್ಕೆ, ಬಾಗಿದೆ, ನನ್ನ ಹಣೆಯ ಕೆಳಗೂ ಯಾರದೋ ಕೈ ಬಂತು.

ಉಪಯೋಗಕ್ಕೆ ಬರುವ ವಿಷಯಗಳೂ ಬೇಕಾದಷ್ಟು ಸಿಕ್ಕವು. ರಾತ್ರಿ ಗಾಢ ನಿದ್ದೆ ಬರಲೆಂದು ನಾನು ಕುಡಿಯುವ ಸೋಡಿಯಂ ಆಕ್ಸಿಬೇಟ್ ಔಷಧಿಯ ಎರಡನೇ ಡೋಸಿಗೆ, ಮೊದಲನೆಯದು ಕುಡಿದ ಎರಡೂವರೆಯಿಂದ ನಾಲ್ಕು ಗಂಟೆಯೊಳಗೆ ಎದ್ದೇಳಬೇಕು. ಅಲಾರಂ ಕೇಳಿಸುವುದೇ ಇಲ್ಲ ಅಂದಾಗ ಒಬ್ಬರು ದಿಂಬಿನ ಕೆಳಗೆ ಇಟ್ಟರೆ ಅದುರುವ ಅಲಾರಂ ತೋರಿಸಿದರು. ಆಫೀಸಿನಲ್ಲಿ ದಿನಕ್ಕೆರಡು ಸಲ ಇಪ್ಪತ್ತು ನಿಮಿಷ ಮಲಗಲು ಹೇಗೆ ಪತ್ರ ಬರೆದು ಕೇಳಬೇಕು ಎಂದು ಇನ್ನೊಬ್ಬರು ಹೇಳಿಕೊಟ್ಟರು. ಒರೆಕ್ಸಿನ್ ಮಾಡಬೇಕಿದ್ದ ಕೆಲಸವನ್ನೇ ಮಾಡುವ ಮಾತ್ರೆಗಳ ಪ್ರಯೋಗಕ್ಕೆ ಸೇರಿದವರನ್ನು ಎದುರಿಗೇ ಕೂರಿಸಿಕೊಂಡು ಮಾತಾಡಿಸಿದೆ.

ಬೆಂಗಳೂರಿನ ಆ ಅಮ್ಮನಿಗೆ ಹೇಳಿದೆ, ಇಷ್ಟು ದೂರ ಬರಬೇಕಾಗಿಲ್ಲ, ಆದರೆ ಈ ಕಾಯಿಲೆ ಇರುವ ಇನ್ನೊಬ್ಬರನ್ನು ಮಗ ಒಮ್ಮೆ ನೋಡಲಿ. ಅವರು ಫೋನನ್ನು ಅವನ ಕೈಗೆ ಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಆಂಟಿ, ನಿಮಗೂ ನಗುವಾಗ ದವಡೆ ಜೋತುಬೀಳುತ್ತಾ?"

"ಹೂಂ ಪುಟ್ಟಾ. ಮೊದಲು ದವಡೆ, ಆಮೇಲೆ ಮಂಡಿ."

"ನಂಗೂ ಹಾಗೇ," ಅಂದ. ಆಮೇಲೆ ಮುಕ್ಕಾಲು ಗಂಟೆ ಅವನೇ ಮಾತಾಡಿದ.